ಸಬ್ಹಾನಿನಲ್ಲಿ ಕಟ್ಟಿದ ಹಿಮದ ಮನೆ

ಆ ಕೋಲ್ಡ್ ಸ್ಟೋರೇಜಿನ ಬಾಗಿಲನ್ನು ಫೋರ್‌ಮನ್ ನನಗೆ ತೆರೆದುಕೊಟ್ಟರು; ತಾವು ಮಾತ್ರ ಒಳಗೆ ಬರಲಿಲ್ಲ. ಬೀಗದ ಕೈಗಳ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊಸ್ತಿಲಿನಿಂದ ಹಿಂದೆಯೇ ನಿಂತರು. "ನೀವು ನೋಡಿ ಮೇಡಂ, ನಾನು ಇಲ್ಲೇ ಇರ್ತೇನೆ. ಬಾಗಿಲು ಹಾಕುದಿಲ್ಲ," ಎಂದರು. ಬಾಗಿಲು ಹಾಕುವುದಿಲ್ಲ ಎಂದು ಯಾಕೆ ಹೇಳಿದರೆಂಬುದು ಆಗ ನನಗೆ ಹೊಳೆಯಲಿಲ್ಲ. ಟಾರ್ಚ್ ಹಚ್ಚಿಕೊಂಡು ಒಳಗೆ ಹೋದೆ. ಯಂತ್ರಗಳು ನಿಂತು ಎಷ್ಟೋ ಕಾಲವಾಗಿತ್ತು. ಒಳಗೂ ಕುವೈತಿನ ಕಾರ್ಖಾನೆ-ಗೋದಾಮುಗಳ ಪ್ರದೇಶವಾದ ಸಬ್ಹಾನಿನ ಬೀದಿಯಷ್ಟೇ ಸೆಕೆ. ಹಳೆಯ ಮೀನು ಮತ್ತು ಒದ್ದೆ ರಟ್ಟಿನ ವಾಸನೆ ಗೋಡೆಗಳಿಗೆ ಅಂಟಿಕೊಂಡಿತ್ತು. ಈ ಕೋಣೆಯಲ್ಲಿ ನಾನು ಜಪಾನಿನ ಚಳಿಗಾಲವನ್ನು ತಯಾರಿಸಬೇಕಿತ್ತು.

ಆ ಯೋಚನೆ ನನ್ನದಲ್ಲ, ಒಂದು ಪ್ರವಾಸ ಸಂಸ್ಥೆಯ ಮ್ಯಾನೇಜರರದು. ಅವರು ಉಡುಪಿ ಕಡೆಯವರು, ಮನೆಮಾತು ಕೊಂಕಣಿ. ಹಿಂದೊಂದು ಫೆಬ್ರವರಿಯಲ್ಲಿ ಉತ್ತರ ಜಪಾನಿಗೆ ಹೋಗಿಬಂದವರು ಅದರ ಗುಂಗಿನಿಂದ ಹೊರಬಂದಿರಲಿಲ್ಲ. ನಮ್ಮ ಆಫೀಸಿಗೆ ಬಂದು, ಚಹಾ ಆರಿಹೋಗುವವರೆಗೂ ಅಲ್ಲಿಯ ಚಳಿಯ ಬಗ್ಗೆಯೇ ಮಾತಾಡಿದರು. ಬಯಲಿನ ಬಿಸಿನೀರಿನ ಕೊಳದಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಾಗ ತಲೆಯ ಮೇಲೆ ಹಿಮ ಬೀಳುವುದು, ಗೋಡೆಯಷ್ಟೆತ್ತರದ ಹಿಮದ ನಡುವೆ ಸಾಗುವ ರೈಲಿನಲ್ಲಿ ಮಡಿಲ ಮೇಲೆ ಬೆಚ್ಚಗಿನ ಊಟದ ಡಬ್ಬಿ ಇಟ್ಟುಕೊಂಡು ಕೂರುವುದು, ಗಿಡ್ಡ ಮೇಜಿಗೆ ರಜಾಯಿ ಹೊದಿಸಿ ಅಡಿಯಲ್ಲಿ ಹೀಟರ್ ಇಟ್ಟು ಮನೆಮಂದಿಯೆಲ್ಲ ಕಾಲು ಚಾಚಿ ಕಿತ್ತಳೆ ತಿನ್ನುವುದು. ಅವರ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿದ್ದು ಒಂದು ಊರಿನ ಹಿಮದ ಮನೆಗಳು. ನಡುಚಳಿಯಲ್ಲಿ ಜನ ಹಿಮವನ್ನು ಗುಡ್ಡೆ ಹಾಕಿ, ಒಳಗೆ ಕೊರೆದು, ಗುಹೆಯಂಥ ಪುಟ್ಟ ಮನೆ ಮಾಡುತ್ತಾರಂತೆ. ನೀರಿನ ದೇವರಿಗೆ ದೀಪವಿಟ್ಟು, ದಾರಿಯಲ್ಲಿ ಹೋಗುವ ಅಪರಿಚಿತರನ್ನು ಮಕ್ಕಳು ಒಳಗೆ ಕರೆದು ಬಿಸಿಯಾದ ಸಿಹಿ ಅಕ್ಕಿಪಾನಕ ಕೊಡುತ್ತಾರಂತೆ.

"ಚಳಿ ಅಂದ್ರೆ ನಾವು ಬಾಗಿಲು ಹಾಕಿಕೊಳ್ತೇವೆ ಮಾರಾಯ್ರೆ. ಅವರು ಬಾಗಿಲು ತೆಗೆದು ಕರೀತಾರೆ," ಎಂದರು ಮ್ಯಾನೇಜರ್. ಇಸ್ತಾಂಬುಲ್, ಲಂಡನ್ ನೋಡಿ ಸಾಕಾದ ಕುವೈತಿನ ಕುಟುಂಬಗಳನ್ನು ಜಪಾನಿನ ಹಿಮದೂರುಗಳಿಗೆ ಕರೆದೊಯ್ಯುವ ಪ್ರವಾಸವನ್ನು ಅವರು ರೂಪಿಸಿದ್ದರು. ಫೋಟೊದಲ್ಲಿ ಎಲ್ಲ ದೇಶದ ಹಿಮವೂ ಒಂದೇ ಥರ ಕಾಣುತ್ತದೆ, ಜನ ಅದರೊಳಗೆ ಕೂತು ನೋಡಬೇಕು ಎಂಬುದು ಅವರ ಹಟ. ಶಾಲೆಗಳ ಚಳಿಗಾಲದ ರಜೆಗೆ ಪ್ರದರ್ಶನ. ಅಷ್ಟು ಬೇಗ ಹೊಸ ಶೀತಲ ಕೋಣೆ ಕಟ್ಟಲಾಗದ್ದರಿಂದ ಖಾಲಿ ಬಿದ್ದಿದ್ದ ಒಂದು ಗೋದಾಮನ್ನು ಬಾಡಿಗೆಗೆ ಹಿಡಿದಿದ್ದರು. ಅದನ್ನು ಎಬ್ಬಿಸಿ, ಹಿಮ ಬೀಳಿಸುವ ಕೆಲಸ ನಮ್ಮ ಕಂಪನಿಗೆ ಬಂತು, ಅಲ್ಲಿಂದ ಶೀತಲ ಯಂತ್ರಗಳ ಎಂಜಿನಿಯರ್ ಆದ ನನಗೆ. ಅಬು ಹಲೀಫಾದ ಮನೆಯಲ್ಲಿ ಆ ಸಂಜೆ ವಿಷಯ ಹೇಳಿದಾಗ ಮಗಳು ಹೋಮ್‌ವರ್ಕ್ ಬಿಟ್ಟು ತಲೆಯೆತ್ತಿ, "ರಿಯಲ್ ಸ್ನೋ?" ಎಂದು ಕೇಳಿದಳು. ಆದಷ್ಟು ರಿಯಲ್ ಎಂದೆ.

ಬಹುಕಾಲ ಬೆಚ್ಚಗಿದ್ದ ಕೋಣೆಯನ್ನು ಒಮ್ಮೆಲೇ ತಣಿಸಬಾರದು. ನೆಲದ ಕಾಂಕ್ರೀಟಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ನೆಲವನ್ನೇ ಸೀಳಿಬಿಡುತ್ತದೆ. ಮೊದಲು ಗೋಡೆಗಳನ್ನು ತೊಳೆಸಿದೆ. ಪೈಪುಗಳ ಬೆಸುಗೆಗಳಿಗೆ ಸೋಪಿನ ನೊರೆ ಹಚ್ಚಿ ಗ್ಯಾಸ್ ಸೋರುವ ಜಾಗಗಳನ್ನು ಹುಡುಕಿದೆವು. ಕಂಪ್ರೆಸರಿನ ಸೀಲುಗಳನ್ನು ಬದಲಿಸಿದೆವು. ಬಾಗಿಲಿನ ಒಳಬದಿಯಲ್ಲಿ, ಸಿಕ್ಕಿಕೊಂಡವರು ಹೊರಬರಲೆಂದು ಇರುವ ಹಿಡಿಯನ್ನೂ ನಾನೇ ಒತ್ತಿ ನೋಡಿದೆ. ಖಟ್ ಎಂದು ತೆರೆಯಿತು. ಕೋಣೆ ಇನ್ನೂ ಬೆಚ್ಚಗಿದ್ದಾಗ ಮಾಡಿದ ಪರೀಕ್ಷೆ ಅದು. ಆಮೇಲೆ ದಿನಕ್ಕಿಷ್ಟೆಂದು ಉಷ್ಣತೆ ಇಳಿಸುತ್ತಾ ಬಂದೆ. ಸೊನ್ನೆ ದಾಟಿ ಕೆಳಗಿಳಿದಾಗ ಗೋಡೆಗಳ ಮೀನಿನ ವಾಸನೆಯೂ ಹೆಪ್ಪುಗಟ್ಟಿದಂತೆ ಮಾಯವಾಯಿತು.

ಹಿಮ ಮಾತ್ರ ಮಾತು ಕೇಳಲಿಲ್ಲ. ನೀರನ್ನೂ ಒತ್ತಡದ ಗಾಳಿಯನ್ನೂ ಒಟ್ಟಿಗೆ ಚಿಮ್ಮಿಸುವ ಯಂತ್ರದಿಂದ ಮೊದಲ ದಿನ ಬಿದ್ದದ್ದು ಅಕ್ಕಿನುಚ್ಚಿನಂಥ ಮಂಜಿನ ಹರಳು. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಉದುರುತ್ತಿತ್ತು. ನೀರಿನ ಒತ್ತಡ ಇಳಿಸಿದೆ, ತೂತಿನ ಅಳತೆ ಬದಲಿಸಿದೆ. ಕೋಣೆಯನ್ನು ಇನ್ನಷ್ಟು ತಣಿಸಿದರೆ ಒಳ್ಳೆಯ ಹಿಮ ಬರುತ್ತದೆಂದು ತಿಳಿದು ಹಾಗೂ ಮಾಡಿದೆ. ಬಂದದ್ದು ಇನ್ನೂ ಒಣಪುಡಿ.

ಆ ವೇಳೆಗೆ ಜಪಾನಿನಿಂದ ಹಿಮದ ಮನೆ ಕಟ್ಟುವ ಹಿರಿಯರು ಬಂದಿಳಿದರು. ಎಪ್ಪತ್ತರ ಆಸುಪಾಸಿನ, ಕುಳ್ಳಗಿನ ಗಟ್ಟಿ ದೇಹದವರು. ಇಂಗ್ಲಿಷ್ ಅವರಿಗೆ ಒಂದೊಂದೇ ಪದ. ಉಳಿದದ್ದನ್ನು ಫೋನಿಗೆ ಹೇಳಿ, ಅದು ಅನುವಾದಿಸಿದ್ದನ್ನು ನಮ್ಮ ಮುಂದೆ ಹಿಡಿಯುತ್ತಿದ್ದರು. ನನ್ನ ಹಿಮವನ್ನು ಕೈಯಲ್ಲಿ ಹಿಚುಕಿ ಮೂಸಿ ನೋಡಿದರು. ಕೆಟ್ಟದ್ದು ಎನ್ನಲಿಲ್ಲ, ಇದು ಇನ್ನೂ ಹಸುಗೂಸು ಎಂದರು. ಅವರ ಪ್ರಕಾರ ಹಿಮಕ್ಕೆ ವಯಸ್ಸಾಗಬೇಕು. ಬಿದ್ದ ಮೇಲೆ ಒಂದಿಷ್ಟು ಬೆಚ್ಚಗಾಗಿ, ಕಣಗಳು ಒಂದಕ್ಕೊಂದು ಅಂಟಿ, ಮತ್ತೆ ಗಟ್ಟಿಯಾಗಬೇಕು. ಅವರು ಹೇಳಿದಂತೆ ಹಗಲಿಡೀ ಕೋಣೆಯನ್ನು ಸೊನ್ನೆಯ ಹತ್ತಿರ ತಂದು, ಹಿಮವನ್ನು ಕಾಲಲ್ಲಿ ತುಳಿದು, ಸಂಜೆ ಮತ್ತೆ ಇಳಿಸಿದೆವು. ಮರುದಿನ ಗುಡ್ಡೆಗೆ ಸಲಿಕೆ ಹಾಕಿದರೆ ಬೆಣ್ಣೆಯ ಮುದ್ದೆಯಂತೆ ಕತ್ತರಿಸಿಕೊಂಡು ಬಂತು. ಹಿರಿಯರು ಮೊಣಕಾಲೂರಿ ಒಳಗೆ ಕೊರೆಯುತ್ತಾ ಹೋದರು. ಗುಹೆಯೊಳಗೆ ದೀಪವಿಟ್ಟಾಗ ಗೋಡೆ ಹಾಲಿನ ಬಣ್ಣಕ್ಕೆ ತಿರುಗಿತು. ನಾನೂ ನುಸುಳಿ ಕೂತೆ. ಫ್ಯಾನುಗಳ ಗರಗರ ಸದ್ದು ಪೂರ್ತಿ ನಿಂತುಹೋಯಿತು. ನನ್ನ ಉಸಿರು ನನಗೇ ಕೇಳಿಸುವಷ್ಟು ಮೌನ. ಮ್ಯಾನೇಜರ್ ಯಾಕೆ ಆ ಗುಂಗಿನಿಂದ ಹೊರಬಂದಿರಲಿಲ್ಲವೆಂದು ಆಗ ಗೊತ್ತಾಯಿತು.

ಆ ಸದ್ದು ಶುರುವಾದದ್ದು ಅದೇ ವಾರ. ಶುರುವಾಯಿತು ಎನ್ನುವುದಕ್ಕಿಂತ ನನ್ನ ಕಿವಿಗೆ ಬಿದ್ದದ್ದು ಎನ್ನಬೇಕು. ಕೆಲಸಗಾರರು ಅದನ್ನು ಮೊದಲೇ ಕೇಳಿದ್ದರು. ಬಾಗಿಲು ಮುಚ್ಚಿ ಹೊರಗೆ ನಿಂತಾಗ ಒಳಗಿನಿಂದ ಯಾರೋ ಬಡಿದ ಹಾಗೆ: ಮೂರ್ನಾಲ್ಕು ಪೆಟ್ಟು, ಮತ್ತೆ ಮೌನ, ಮತ್ತೆ ಪೆಟ್ಟು. ಬಾಗಿಲು ತೆರೆದರೆ ಯಾರೂ ಇಲ್ಲ. ಹಿಮ ತುಳಿಯಲು ಬರುತ್ತಿದ್ದವರಲ್ಲಿ ಇಬ್ಬರು ಬರುವುದನ್ನೇ ನಿಲ್ಲಿಸಿದರು. ಉಳಿದವರು ಬಾಗಿಲಿಗೆ ಮರದ ತುಂಡು ಅಡ್ಡ ಇಡದೆ ಒಳಗೆ ಕಾಲಿಡುತ್ತಿರಲಿಲ್ಲ. ಬಾಗಿಲು ತೆರೆದಿದ್ದರೆ ತೇವದ ಗಾಳಿ ನುಗ್ಗಿ ನನ್ನ ಹಿಮ ಹಾಳಾಗುತ್ತದೆಂದು ನಾನು ರೇಗಿದ್ದೂ ಉಂಟು. ಕೊನೆಗೆ ಫೋರ್‌ಮನ್ನರನ್ನು ಕೂರಿಸಿಕೊಂಡು ಕೇಳಿದೆ.

ಫೋರ್‌ಮನ್ ಉಳ್ಳಾಲದ ಕಡೆಯ ಬ್ಯಾರಿ, ಆ ಗೋದಾಮಿನ ಹಳೆಯ ಮಾಲೀಕರ ಕಾಲದಿಂದಲೂ ಅಲ್ಲಿದ್ದವರು. ಹೇಳಲು ಹಿಂಜರಿದರು. ಆಮೇಲೆ ನೆಲ ನೋಡುತ್ತಲೇ ಹೇಳಿದರು. ಮೀನಿನ ಕಂಪನಿ ಇದ್ದಾಗ ನೇಪಾಳದ ಬೆಟ್ಟದೂರಿನ ಒಬ್ಬ ಲೋಡರ್ ಇದ್ದನಂತೆ. ಒಂದು ಗುರುವಾರ ಸಂಜೆ ಎಲ್ಲರೂ ಹೊರಟರೆಂದು ತಿಳಿದು ಯಾರೋ ಬಾಗಿಲು ಮುಚ್ಚಿದ್ದಾರೆ. ಶುಕ್ರವಾರದ ರಜೆ ಮುಗಿದು ಬಂದು ಬಾಗಿಲು ತೆರೆದವರು ಇವರೇ. ತೆರೆಯಲು ಬಹಳ ಬಿಗಿಯಿತ್ತಂತೆ; ಮೀನಿನ ಕೋಣೆಗಳ ಬಾಗಿಲು ಹಾಗೆಯೇ ಎಂದುಕೊಂಡು ಕಾಲೂರಿ ಎಳೆದರಂತೆ. ಅವನು ಬಾಗಿಲ ಬುಡದಲ್ಲೇ ಇದ್ದ. ಆಮೇಲೆ ಕಂಪನಿಯವರು ಒಳಗಿನ ಹಿಡಿಯನ್ನು ಒತ್ತಿ ನೋಡಿದರು. ಸಲೀಸಾಗಿ ತೆರೆಯಿತು. ಹಿಡಿ ಸರಿಯಿದೆ, ಅಂದರೆ ಅವನು ಒತ್ತಿಲ್ಲ. ಡಬ್ಬಗಳ ಮರೆಯಲ್ಲಿ ಕೂತು ಕೆಲಸದ ಹೊತ್ತಿನಲ್ಲೇ ನಿದ್ದೆ ಹೋಗಿದ್ದಾನೆ ಎಂದು ತೀರ್ಮಾನಿಸಿದರು. ಊರಿನಲ್ಲಿದ್ದ ಅವನ ಹೆಂಡತಿಗೆ ಆ ಮಾತು ಹೇಳಬೇಕಿತ್ತು. ಹಿಂದಿ ಚೆನ್ನಾಗಿ ಬರುತ್ತದೆಂದು ಫೋನನ್ನು ಇವರ ಕೈಗೆ ಕೊಟ್ಟರು.

"ಹೇಳಿಕೊಟ್ಟದ್ದನ್ನು ಹೇಳಿದೆ ಮೇಡಂ," ಎಂದರು. "ಆದ್ರೆ ಮಲಗುವವ ಬಾಗಿಲ ಬುಡದಲ್ಲಿ ಯಾಕೆ ಮಲಗ್ತಾನೆ? ಅದೊಂದು ನನಗೆ ಇವತ್ತಿಗೂ ತಿಳಿಯುದಿಲ್ಲ," ಎಂದರು.

ನಾನು ಪಾಪ ಎಂದೆ. ಯಂತ್ರಗಳು ಮತ್ತೆ ಶುರುವಾದಾಗ ಪೈಪುಗಳು ಸದ್ದು ಮಾಡುವುದು ಸಹಜ ಎಂದೂ ಸೇರಿಸಿದೆ. ಮನೆಗೆ ಹೋಗುವ ದಾರಿಯಲ್ಲಿ, ಫಹಾಹೀಲ್ ರಸ್ತೆಯ ವಾಹನಗಳ ಸಾಲಿನಲ್ಲಿ ನಿಂತಿದ್ದಾಗ, ಕಾರಿನ ಎಸಿಯನ್ನು ಆರಿಸಿ ಕಿಟಕಿ ಇಳಿಸಿದೆ. ಹೊರಗೆ ಆಗಲೇ ಡಿಸೆಂಬರಿನ ತಂಪು ಇತ್ತು, ಎಸಿ ಬೇಕಿರಲಿಲ್ಲ. ಆದರೂ ಅದನ್ನು ಆರಿಸಿದ್ದು ಆ ಕಾರಣಕ್ಕಲ್ಲ. ಅವತ್ತಿನಿಂದ ಮುಚ್ಚಿದ ಬಾಗಿಲುಗಳ ಮುಂದೆ ನಿಂತಾಗಲೆಲ್ಲ ಕಿವಿ ತಾನಾಗಿ ಎಚ್ಚರವಾಗುತ್ತಿತ್ತು. ಮಗಳು ಬಚ್ಚಲಿನಲ್ಲಿದ್ದಾಗ ಒಳಗಿನಿಂದ ಏನೋ ಬಿದ್ದ ಸದ್ದಾದರೆ ಓಡಿಹೋಗಿ ಬಾಗಿಲು ತಟ್ಟಿದ್ದೇನೆ.

ಆ ಸದ್ದನ್ನು ನಿರ್ಲಕ್ಷಿಸಲು ಬಿಡದವರು ಜಪಾನಿನ ಹಿರಿಯರು. ಒಂದು ಮಧ್ಯಾಹ್ನ ನಾವಿಬ್ಬರೂ ಬಾಗಿಲಿನ ಹೊರಗೆ ಚಹಾ ಕುಡಿಯುತ್ತಿದ್ದಾಗ ಪೆಟ್ಟುಗಳು ಕೇಳಿಸಿದವು. ಅವರು ಲೋಟ ಕೆಳಗಿಟ್ಟು ಒಳಗೆ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲವೆಂದೆ. ಫೋನಿಗೆ ಏನನ್ನೋ ನಿಧಾನವಾಗಿ ಹೇಳಿ ನನ್ನ ಮುಂದೆ ಹಿಡಿದರು. ತಮ್ಮೂರಿನಲ್ಲಿ ಛಾವಣಿಯ ಹಿಮ ಜಾರಿ ಜನ ಅದರಡಿ ಸಿಕ್ಕುವುದುಂಟು, ಹಿಮದೊಳಗಿಂದ ಸದ್ದು ಬಂದರೆ ಮೊದಲು ಅಗೆಯುತ್ತೇವೆ, ಮನುಷ್ಯನೋ ಅಲ್ಲವೋ ಎಂದು ಆಮೇಲೆ ನೋಡುತ್ತೇವೆ ಎಂದಿತ್ತು. ನನಗೆ ನಾಚಿಕೆಯಾಯಿತು. ಸದ್ದು ಎಲ್ಲಿಂದ ಬರುತ್ತಿದೆಯೆಂದು ಒಳಗೆ ನಿಂತೇ ಕೇಳಬೇಕೆಂದು ನಿರ್ಧರಿಸಿದೆ. ಇಬ್ಬರೂ ದಪ್ಪ ಜಾಕೆಟ್ ತೊಟ್ಟು ಒಳಹೊಕ್ಕು ಬಾಗಿಲು ಎಳೆದುಕೊಂಡೆವು. ಒಳಗಿನ ಹಿಡಿಯ ಮೇಲೆ ನನಗೆ ನಂಬಿಕೆಯಿತ್ತು.

ಕೆಲಹೊತ್ತು ಫ್ಯಾನಿನ ಸದ್ದು ಬಿಟ್ಟು ಬೇರೇನಿಲ್ಲ. ಆಮೇಲೆ ನನ್ನ ಬೆನ್ನ ಹಿಂದೆಯೇ ಬಡಿತ ಕೇಳಿಸಿತು. ಗೋಡೆಯ ತಗಡಿಗೆ ಅಂಗೈ ಒತ್ತಿ ನಿಂತೆ. ತಗಡು ಒಳಮುಖವಾಗಿ ಬಗ್ಗುತ್ತಿತ್ತು. ಬಗ್ಗಿ, ತಡೆಯಲಾರದೆ ಧಡ್ ಎಂದು ಚಿಮ್ಮುತ್ತಿತ್ತು. ಒಳಗಿನ ಗಾಳಿ ಕುಗ್ಗಿ ಗೋಡೆಗಳನ್ನು ಎಳೆಯುತ್ತಿದೆ ಎಂದು ಅಂಗೈಗೆ ಗೊತ್ತಾಯಿತು.

ಇದು ನನ್ನ ಕಸುಬಿನ ಮೊದಲ ಪಾಠಗಳಲ್ಲೊಂದು. ಬಾಗಿಲು ತೆರೆದಾಗ ಹೊರಗಿನ ಬೆಚ್ಚನೆಯ ಗಾಳಿ ನುಗ್ಗುತ್ತದೆ. ಮುಚ್ಚಿದೊಡನೆ ಅದು ತಣಿದು ಕುಗ್ಗುತ್ತದೆ. ಆ ಕೊರತೆ ತುಂಬಲು ಗೋಡೆಯಲ್ಲೊಂದು ಗಾಳಿಕಿಂಡಿ ಇರಲೇಬೇಕು. ಅದು ಕಟ್ಟಿಕೊಂಡರೆ ಕೋಣೆ ಬಾಗಿಲನ್ನು ಒಳಕ್ಕೆ ಹೀರಿ ಹಿಡಿಯುತ್ತದೆ. ಕಿಂಡಿ ಎಲ್ಲಿದೆಯೆಂದು ತಲೆಯೆತ್ತಿದೆ. ಬಾಗಿಲ ಪಕ್ಕ, ಎತ್ತರದಲ್ಲಿ, ಮುಷ್ಟಿಗಾತ್ರದ ಬಿಳಿ ಗಡ್ಡೆ ಕಾಣಿಸಿತು. ಬೆಚ್ಚಗಿದ್ದಾಗ ತೆರೆದೇ ಇದ್ದ ಕಿಂಡಿ ಮಂಜುಗಟ್ಟಿ ಮುಚ್ಚಿಹೋಗಿತ್ತು. ಅದನ್ನು ಬೆಚ್ಚಗಿಡುವ ಹೀಟರ್ ತಂತಿ ಸತ್ತಿರಬೇಕು. ಸರಿ, ಗೊತ್ತಾಯಿತಲ್ಲ ಎಂದು ಹಿರಿಯರಿಗೆ ನಗುತ್ತಾ ಹೇಳಿ ಬಾಗಿಲ ಹಿಡಿಯನ್ನು ಒತ್ತಿದೆ.

ಹಿಡಿ ಒಳಹೋಯಿತು. ಬಾಗಿಲು ಅಲುಗಲಿಲ್ಲ.

ಭುಜ ಕೊಟ್ಟು ತಳ್ಳಿದೆ. ಇಬ್ಬರೂ ಸೇರಿ ತಳ್ಳಿದೆವು. ತಗಡಿನ ಗೋಡೆಗಳ ನಡುವೆ ಫೋನು ಸತ್ತಂತಿತ್ತು. ಮುಷ್ಟಿಯಿಂದ, ಆಮೇಲೆ ಸಲಿಕೆಯ ಹಿಡಿಯಿಂದ ಬಾಗಿಲು ಬಡಿದೆ. ಹೊರಗೆ ಫೋರ್‌ಮನ್ ಇದ್ದಾರೆಂಬುದು ಗೊತ್ತಿತ್ತು, ಆದರೆ ಒಳಗೆ ಹೋಗುವುದಾಗಿ ಅವರಿಗೆ ಹೇಳಿರಲಿಲ್ಲ; ಯಾರೂ ಬರಲಿಲ್ಲ. ಆಗ ನನಗೆ ಅರ್ಥವಾಯಿತು. ಈ ಕೋಣೆಯೊಳಗಿಂದ ಬಡಿತ ಕೇಳಿಸಿದರೆ ಹೊರಗಿನವರು ಹತ್ತಿರ ಬರುವುದಿಲ್ಲ, ದೂರ ಸರಿಯುತ್ತಾರೆ. ನಾವು ಎಷ್ಟು ಬಡಿದರೂ ಅವರಿಗೆ ಅದು ಸತ್ತ ಲೋಡರನ ಬಡಿತವೇ. ಕೆಳಗಿನ ಸಂದಿಯಿಂದಾದರೂ ಕೂಗೋಣವೆಂದು ಬಗ್ಗಿ ಕೂತೆ. ಕೂತಾಗ ಬಾಗಿಲ ಬುಡದ ತಗಡು ನನ್ನ ಕಣ್ಣ ಮಟ್ಟಕ್ಕೆ ಬಂತು, ಅವನು ಕೂತಿದ್ದ ಜಾಗ ಇದೇ ಎಂದು ಹೊಳೆದು ಎದ್ದುಬಿಟ್ಟೆ.

ಹಿರಿಯರು ಹಿಮದ ಕೆಲಸದವರಂತೆ ಯೋಚಿಸಿದರು. ಕಿಂಡಿಯನ್ನು ತೋರಿಸಿ, ತಾವು ಕಟ್ಟಿದ್ದ ಹಿಮದ ಮನೆಯನ್ನು ತೋರಿಸಿ, ಅದರ ಮೇಲೆ ಹತ್ತಿ ಎಂದು ಕೈಸನ್ನೆ ಮಾಡಿದರು. ಬಾಗಿಲಿಗೆ ಹತ್ತಿರವಿದ್ದ ಆ ಮನೆಯ ನೆತ್ತಿ ಕಿಂಡಿಯ ಎತ್ತರಕ್ಕಿಂತ ತುಸುವೇ ಕೆಳಗಿತ್ತು. ವಾರವೆಲ್ಲ ಕೂತು ನಯ ಮಾಡಿದ್ದ ಗುಮ್ಮಟ ಅದು. ನಾನು ಅನುಮಾನಿಸಿದ್ದು ನೋಡಿ ಅವರೇ ಬೂಟುಗಾಲಿನಿಂದ ಅದರ ಪಕ್ಕೆಗೆ ಒದ್ದು ಮೆಟ್ಟಿಲು ಮಾಡಿದರು. ಹತ್ತಿ ನಿಂತು, ಅವರ ಕೆತ್ತುವ ಕತ್ತಿಯಿಂದ ಗಡ್ಡೆಯನ್ನು ಕುಟ್ಟಿದೆ. ಚೂರುಗಳು ಮುಖಕ್ಕೆ ಸಿಡಿದವು. ಕತ್ತಿಯ ತುದಿ ಆಚೆ ದಾಟಿದಾಗ ಕುಕ್ಕರಿನ ಸೀಟಿಯಂಥ ಸದ್ದು ಮಾಡುತ್ತಾ ಹೊರಗಿನ ಗಾಳಿ ಒಳನುಗ್ಗಿತು. ಗೋಡೆಗಳು ಒಂದರ ಹಿಂದೊಂದು ಧಡಧಡ ಎಂದು ನೇರವಾದವು.

ಆದರೂ ಬಾಗಿಲು ಬಿಡಲಿಲ್ಲ. ಅದರ ಸುತ್ತಲಿನ ರಬ್ಬರ್ ಚೌಕಟ್ಟಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಒಳಗಿನ ಸೆಳೆತಕ್ಕೆ ಸಂದಿಗಳಿಂದ ಒಸರಿದ ತೇವದ ಗಾಳಿ ಅಲ್ಲೇ ಮಂಜಾಗಿ ಅಂಟಿನಂತೆ ಹಿಡಿದಿತ್ತು. ಅಷ್ಟರಲ್ಲಿ ಹೊರಗಿನಿಂದ ಕಬ್ಬಿಣ ತಾಗುವ ಸದ್ದಾಯಿತು. ಯಾರೋ ಸಂದಿಗೆ ಸರಳು ಹಾಕಿ ಮೀಟುತ್ತಿದ್ದರು. ನಾವು ಒಳಗಿನಿಂದ ತಳ್ಳಿದೆವು. ರಬ್ಬರ್ ಹರಿಯುತ್ತಾ ಬಾಗಿಲು ಕಿತ್ತುಕೊಂಡು ತೆರೆಯಿತು. ಫೋರ್‌ಮನ್ ಸರಳು ಹಿಡಿದು ನಿಂತಿದ್ದರು. ನಮ್ಮನ್ನು ಕಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಬಡಿಯುದು ಕೇಳ್ತಾ ಇತ್ತು ಮೇಡಂ. ಕಾಲೇ ಬರ್ಲಿಲ್ಲ ನನಗೆ," ಎಂದರು. ಉಸಿರು ತೆಗೆದುಕೊಂಡು, "ಮತ್ತೆ ಅನಿಸಿತು, ಅವನೇ ಆದ್ರೂ ಆಗ್ಲಿ. ಈ ಸಲ ತೆಗೀಬೇಕು ಅಂತ," ಎಂದರು.

ಅವರಿಗೆ ನಾನು ಗೋಡೆಯನ್ನೂ ಕಿಂಡಿಯನ್ನೂ ರಬ್ಬರನ್ನೂ ತೋರಿಸಿ ವಿವರಿಸಿದೆ. ಬಾಗಿಲು ಒಮ್ಮೆ ತೆರೆದ ಮೇಲೆ ಸೆಳೆತವೂ ಇರುವುದಿಲ್ಲ, ಮಂಜೂ ಕರಗುತ್ತದೆ. ಆಗ ಯಾರು ಹಿಡಿ ಒತ್ತಿ ನೋಡಿದರೂ ಅದು ಸಲೀಸಾಗಿಯೇ ತೆರೆಯುತ್ತದೆ. ನಾನು ನೋಡಿದಾಗಲೂ ಹಾಗೇ, ಕಂಪನಿಯವರು ನೋಡಿದಾಗಲೂ ಹಾಗೇ. ಫೋರ್‌ಮನ್ ಎಲ್ಲವನ್ನೂ ಕೇಳಿಸಿಕೊಂಡರು. "ಹಾಗಾದ್ರೆ ಅವ ಒತ್ತಿದ್ದಾನೆ," ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

ಅವತ್ತು ಸಂಜೆಯೇ ಮ್ಯಾನೇಜರಿಗೆ ಹೇಳಿದೆ: ಈ ಬಾಗಿಲು ಇರುವವರೆಗೆ ಒಂದು ಮಗುವೂ ಒಳಗೆ ಹೋಗಕೂಡದು, ಉದ್ಘಾಟನೆ ಮುಂದೆ ಹೋಗಲಿ. ಅವರು ಆಹ್ವಾನಪತ್ರಗಳು ಹೋಗಿವೆ ಎಂದರು, ಶಾಲೆಗಳು ದಿನ ಗೊತ್ತುಮಾಡಿವೆ ಎಂದರು. ಬಾಗಿಲ ಬಳಿ ಸದಾ ಒಬ್ಬರನ್ನು ನಿಲ್ಲಿಸಿದರೆ ಸಾಲದೇ ಎಂದೂ ಕೇಳಿದರು. ನಮ್ಮ ಕಂಪನಿಯ ಮೇಲಧಿಕಾರಿಯೊಬ್ಬರು ಫೋನ್ ಮಾಡಿ ಕಿಂಡಿ ಒಡೆದಾಯಿತಲ್ಲ, ಇನ್ನೇನು ಎಂದರು. ಒಡೆದ ಕಿಂಡಿ ಮರುದಿನ ಮತ್ತೆ ಕಟ್ಟುತ್ತದೆ ಎಂದೆ. ಕೆಲಸ ಹೋದರೆ ಇಕಾಮಾ, ಈ ದೇಶದಲ್ಲಿರುವ ಪರವಾನಗಿ, ಹೋಗುತ್ತದೆ, ಅದು ಗೊತ್ತಿದ್ದೇ ಹೇಳಿದೆ, ಕೋಣೆ ಸುರಕ್ಷಿತವೆಂದು ನಾನು ಸಹಿ ಹಾಕುವುದಿಲ್ಲ. ಮನೆಯಲ್ಲಿ ಗಂಡ ಎಲ್ಲ ಕೇಳಿ, "ನಾಳೆ ಏನಾದ್ರೂ ಆದ್ರೆ ನೋಡ್ಕೊಳೋಣ ಬಿಡು," ಎಂದಷ್ಟೇ ಹೇಳಿದರು. ಮರುದಿನ ಬೆಳಿಗ್ಗೆ ಮ್ಯಾನೇಜರ್ ಸಬ್ಹಾನಿಗೆ ತಾವೇ ಬಂದರು. ಒಳಗೆ ನಿಂತು ಬಾಗಿಲು ಮುಚ್ಚಿಸಿಕೊಂಡರು. ನಾನು ಹೊರಗೆ ಸರಳು ಹಿಡಿದು ನಿಂತಿದ್ದೆ. ಹೊರಬಂದಾಗ ಅವರು ಜಪಾನಿನ ಬಗ್ಗೆಯಾಗಲಿ ಆಹ್ವಾನಪತ್ರಗಳ ಬಗ್ಗೆಯಾಗಲಿ ಮಾತಾಡಲಿಲ್ಲ. ಎಷ್ಟು ದಿನ ಬೇಕು ಎಂದು ಕೇಳಿದರು.

ಬಾಗಿಲು ಬದಲಿಸಿದೆವು. ಎದುರುಗೋಡೆಯನ್ನು ಗರಗಸದಿಂದ ಕೊಯ್ದು ಎರಡನೆಯ ದಾರಿ ಮಾಡಿದೆವು. ಎರಡು ಹೊಸ ಗಾಳಿಕಿಂಡಿಗಳು, ಅವಕ್ಕೂ ಚೌಕಟ್ಟಿಗೂ ಹೀಟರ್ ತಂತಿ, ಒಳಗಿನಿಂದ ಒತ್ತಿದರೆ ಹೊರಗೆ ದೀಪ ಹತ್ತಿ ಗಂಟೆ ಬಾರಿಸುವ ಗುಂಡಿ. ಹಳೆಯ ಬಾಗಿಲನ್ನು ಕಳಚಿ ಬಿಸಿಲಿಗೆ ಒರಗಿಸಿದಾಗ ಅದರ ಒಳಮೈಯ ಬುಡದಲ್ಲಿ ತಗ್ಗುಗಳು ಕಾಣಿಸಿದವು. ಮೇಲೆ ಯಾರೋ ಬಣ್ಣ ಬಳಿದಿದ್ದರಿಂದ ಒಳಗಿನ ಬೆಳಕಿನಲ್ಲಿ ಗೊತ್ತಾಗಿರಲಿಲ್ಲ. ಸರಕಿನ ಗಾಡಿ ತಾಗಿದರೆ ನೇರ ಗೀರು ಬೀಳುತ್ತದೆ. ಇವು ದುಂಡಗಿನ ತಗ್ಗುಗಳು, ಒಂದರ ಮೇಲೊಂದು, ಒಂದೇ ಜಾಗದಲ್ಲಿ. ಫೋರ್‌ಮನ್ ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲಿಗೆ ಬೆನ್ನು ಮಾಡಿ ನಿಂತು, ತಮ್ಮ ಬೂಟಿನ ಹಿಮ್ಮಡಿಯನ್ನು ಒಂದು ತಗ್ಗಿಗೆ ಇಟ್ಟರು. ಸರಿಯಾಗಿ ಕೂತಿತು. ಕಾಲನ್ನು ತಕ್ಷಣ ತೆಗೆಯಲಾಗದವರಂತೆ ಹಾಗೇ ನಿಂತಿದ್ದರು. ಹಿರಿಯರು ದೂರದಿಂದ ನೋಡಿ ಟೋಪಿ ತೆಗೆದು ತಲೆ ಬಾಗಿಸಿದರು. ಆ ಸಂಜೆ ಅವರು ತಾವೇ ಒದ್ದು ಕೆಡವಿದ್ದ ಮನೆಯನ್ನು ಮೊದಲಿನಿಂದ ಕಟ್ಟಲು ಕೂತರು.

ಪ್ರದರ್ಶನ ತಡವಾಗಿ ತೆರೆಯಿತು, ಜನ ಬಂದರು. ನೀರಿನ ದೇವರ ಗೂಡಿನ ಜಾಗದಲ್ಲಿ ಬರೀ ದೀಪ, ರಜಾಯಿ ಹೊದಿಸಿದ ಮೇಜಿನಡಿ ಹೀಟರ್, ಕೈಗೆ ಬಿಸಿ ಪಾನಕ. ಅಬಾಯಾ ಮೇಲೆ ಬಾಡಿಗೆ ಜಾಕೆಟ್ ತೊಟ್ಟ ಕುವೈತಿ ಅಜ್ಜಿಯೊಬ್ಬರು ಹಿಮದ ಮನೆಯೊಳಗೆ ಕೂತು, ಇದು ಚಳಿಗಾಲದಲ್ಲಿ ಮರುಭೂಮಿಗೆ ಹೋಗಿ ಡೇರೆ ಹಾಕಿ ಕೆಂಡದ ಸುತ್ತ ಕೂತ ಹಾಗೇ ಇದೆ ಎಂದು ಮೊಮ್ಮಕ್ಕಳಿಗೆ ಹೇಳಿದರು. ಅವರ ಮನೆಯವರು ಅಲ್ಲೇ ಜಪಾನ್ ಪ್ರವಾಸಕ್ಕೆ ಹೆಸರು ಬರೆಸಿದರು. ನನ್ನ ಮಗಳು ಹಿಮದಲ್ಲಿ ಮಲಗಿ ಕೈಕಾಲು ಬೀಸಿದಳು. ನಾನು ಮಾತ್ರ ಪ್ರತಿ ತಂಡ ಒಳಹೋದಾಗಲೂ ಬಾಗಿಲ ಬಳಿ ನಿಂತಿರುತ್ತಿದ್ದೆ. ಬಡಿತ ಪೂರ್ತಿ ನಿಂತಿತ್ತು. ಆ ನಿಶ್ಶಬ್ದಕ್ಕೆ ಒಗ್ಗಿಕೊಳ್ಳುವುದು ಬಡಿತಕ್ಕಿಂತ ಕಷ್ಟವಾಯಿತು.

ಹಿರಿಯರು ಊರಿಗೆ ಹೊರಟ ಮೇಲೆ ಒಂದು ಮಧ್ಯಾಹ್ನ ಫೋರ್‌ಮನ್ ನನ್ನ ಕಾರಿನ ಬಳಿ ಬಂದರು. ಆ ಲೋಡರನ ಊರಿನವರೊಬ್ಬರನ್ನು ಹಿಡಿದು ಅವನ ಹೆಂಡತಿಯ ಫೋನ್ ನಂಬರ್ ಪತ್ತೆ ಮಾಡಿದ್ದರು. ಹೇಳಬೇಕೋ ಬೇಡವೋ ಎಂದು ನನ್ನನ್ನು ಕೇಳಿದರು. ಇದನ್ನು ನಾನೂ ಎಷ್ಟೋ ದಿನ ಯೋಚಿಸಿದ್ದೆ. ನಿದ್ದೆಯಲ್ಲಿ ಹೋದ ಎಂಬ ಮಾತಿನಲ್ಲಿ ಅವಮಾನವಿತ್ತು, ಆದರೆ ಒಂದು ಸಮಾಧಾನವೂ ಇದ್ದಿರಬಹುದು. ನಾವು ಹೇಳಹೊರಟದ್ದರಲ್ಲಿ ಆ ಸಮಾಧಾನ ಇರಲಿಲ್ಲ. ಗೊತ್ತಿಲ್ಲ ಎಂದೆ. ಆಮೇಲೆ, ಅವರ ಮನೆಯ ವಿಷಯ ಅದು, ನಮ್ಮ ಬಳಿ ಇಟ್ಟುಕೊಳ್ಳುವಂಥದ್ದಲ್ಲ ಎಂದೆ. ಇಬ್ಬರೂ ಕಾರಿನಲ್ಲಿ ಕೂತೆವು. ಅವರು ಫೋನನ್ನು ಸ್ಪೀಕರಿಗೆ ಹಾಕಿದರು.

ಅವರು ಹಿಂದಿಯಲ್ಲಿ ಎಲ್ಲ ಹೇಳಿದರು: ಬಾಗಿಲು, ಮಂಜು, ತಗ್ಗುಗಳು. ಫೋನ್ ಕಟ್ಟಾಯಿತೇನೋ ಎಂದು ನಾನು ಪರದೆ ನೋಡಿದೆ. ಆಮೇಲೆ ಹೆಂಗಸಿನ ದನಿ, ಅಳುವಿಲ್ಲದ ದನಿ, ಕೇಳಿತು. ಹಿಮ ಬೀಳುವ ದಿನಗಳಲ್ಲಿ ಮನೆಯಲ್ಲಿ ಎದ್ದು ಕೂತು ಬೆಂಕಿ ಆರದಂತೆ ಕಾಯುತ್ತಿದ್ದವರು ತನ್ನ ಗಂಡ ಎಂದಳು. ಚಳಿಯಲ್ಲಿ ಕಣ್ಣು ಮುಚ್ಚಬಾರದೆಂದು ಮಕ್ಕಳಿಗೆ ಕಲಿಸಿದವರೂ ಅವರೇ. ನಿದ್ದೆ ಹೋದರು ಎಂಬುದನ್ನು ತಾನು ನಂಬಿರಲಿಲ್ಲ, ಮಗ ನಂಬಿದ್ದಾನೆ. ಅವನಿಗೆ ಊರವರೂ ಹಾಗೇ ಹೇಳಿದ್ದಾರೆ.

"ಅವತ್ತು ಫೋನ್ ಮಾಡಿದ್ದು ನೀವೇನಾ ಭಾಯಿ?" ಎಂದು ಕೇಳಿದಳು.

ನಾನೇ ಎಂದರು ಫೋರ್‌ಮನ್.

"ಹಾಗಾದರೆ ಅವನಿಗೂ ನೀವೇ ಹೇಳಿ."

ಅವಳು ಮಗನನ್ನು ಕೂಗಿ ಕರೆದದ್ದು ಕೇಳಿಸಿತು. ಫೋರ್‌ಮನ್ ಕಾರಿನ ಬಾಗಿಲು ತೆಗೆದು ಹೊರಗಿಳಿದರು, ನಿಂತುಕೊಂಡೇ ಮಾತಾಡಿದರು. "ಬೇಟಾ, ನಿನ್ನಪ್ಪ ನಿದ್ದೆ ಮಾಡಿರಲಿಲ್ಲ. ಅವರು ಬಾಗಿಲು ತೆಗೆಯಲಿಕ್ಕೆ ನೋಡಿದ್ದಾರೆ. ಬಾಗಿಲು ಕೆಟ್ಟಿತ್ತು. ನಾನು ತಪ್ಪು ಹೇಳಿದ್ದೆ."

ಮಗನದು ಒಡೆಯುತ್ತಿರುವ ಗಂಡುದನಿ. ಅವನು ಒಂದೇ ಪ್ರಶ್ನೆ ಕೇಳಿದ: ಅಪ್ಪ ಎಷ್ಟು ಹೊತ್ತು ಬಾಗಿಲು ತಳ್ಳಿದರು?

ಫೋರ್‌ಮನ್ ನನ್ನ ಕಡೆ ನೋಡಿದರು. ಕೋಣೆಯ ಚಳಿ, ತೊಟ್ಟ ಬಟ್ಟೆ, ಮನುಷ್ಯನ ಮೈಬಿಸಿ ಇವುಗಳಿಂದ ಅದನ್ನು ಅಂದಾಜು ಮಾಡುವ ಲೆಕ್ಕ ನನಗೆ ಗೊತ್ತು. ಅದನ್ನು ಎಷ್ಟೋ ಸಲ ಮನಸ್ಸಿನಲ್ಲಿ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ್ದೆ. ಕೈ ಚಾಚಿ ಫೋನ್ ತೆಗೆದುಕೊಂಡೆ.

"ಆಖಿರ್ ತಕ್," ಎಂದೆ. ಕೊನೆಯವರೆಗೂ.

ಅದು ನನಗೆ ಗೊತ್ತಿದ್ದ ವಿಷಯವಲ್ಲ. ಹುಡುಗ ಸರಿ ಎಂದ. ಫೋನ್ ಇಡಲಿಲ್ಲ. ನಾವೂ ಇಡಲಿಲ್ಲ.